ಮೊದಲ ಸವಾರಿಗೆ ಹೊರಟವರಿಗೆ

ಭಾನುವಾರ ಬೆಳಗ್ಗೆ ಗುಂಪಿನ ಜೊತೆ ಮೈಸೂರಿನಿಂದ ಕರಿಘಟ್ಟದ ಕಡೆ ಸೈಕಲ್ ಹೊರಡಿಸಿದ್ದೀರಾ? ಸಂತೋಷ. ಆದರೆ ಮುಂದಿರುವವರ ಬೆನ್ನು ಹತ್ತಿ, ಊರು ದಾಟುವ ಮೊದಲೇ ದಮ್ಮು ಕಳೆದುಕೊಳ್ಳಬೇಡಿ. ಹೊಸಬರು ಸುಸ್ತಾಗುವುದು ಹೀಗೇ. ಪಕ್ಕದವರೊಡನೆ ಏದುಸಿರಿಲ್ಲದೆ ಮಾತಾಡುವಷ್ಟು ವೇಗ ಸಾಕು. ಹಿಂದೆ ಬಿದ್ದರೆ ಕಾಯುತ್ತಾರೆ, ಕಾಯದಿದ್ದರೆ ಅದೆಂಥ ಗುಂಪು! ಸೀಟು ತೀರಾ ತಗ್ಗಿಸಬೇಡಿ, ಮಂಡಿ ಹಿಡಿದುಕೊಳ್ಳುತ್ತದೆ. ಬಾಯಾರುವ ಮೊದಲೇ ಆಗಾಗ ಗುಟುಕು ನೀರು ಕುಡಿಯಿರಿ.

ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಹುಲ್ಲು, ಬಳ್ಳಿ ಚೈನಿಗೆ ಸುತ್ತಿಕೊಂಡರೆ ಬಿಡಿಸುವುದೇ ಅರ್ಧ ಗಂಟೆಯ ಕೆಲಸ. ಪಕ್ಕದಲ್ಲಿ ಜಾಗವಿಲ್ಲವೆಂದರೆ ಇಳಿದು ತಳ್ಳಿಕೊಂಡು ಹೋಗಿ. ನಿಲ್ಲಿಸುವ ಮುಂಚೆ ಮಾತ್ರ ಹಿಂದಿನವರಿಗೆ ಕೂಗಿ ಹೇಳಿ.