ಮೂರು ಪದ, ಒಂದು ಗಡಿಯಾರ: ಮರೆವಿನ ಮೊದಲ ತಪಾಸಣೆ

ಮನೆಯ ಹಿರಿಯರು ಹೇಳಿದ್ದನ್ನೇ ಹೇಳುತ್ತಾರೆ, ಗ್ಯಾಸ್ ಆರಿಸಲು ಮರೆಯುತ್ತಾರೆ, ಚಿಲ್ಲರೆ ಲೆಕ್ಕ ತಪ್ಪುತ್ತಾರೆ. ಇಂಥ ದೂರು ಹೊತ್ತು ಹೋದಾಗ ವೈದ್ಯರು ಮೊದಲು ಕೈಗೆ ಕೊಡುವುದು ಬಹುಶಃ ಒಂದು ಹಾಳೆ, ಒಂದು ಪೆನ್ನು. ‘ಮಿನಿ-ಕಾಗ್’ ಎಂಬ ಈ ಪರೀಕ್ಷೆ ಸುಮಾರು ಮೂರು ನಿಮಿಷದ್ದು. ಜೊತೆಗೆ ಹೋಗುವವರು ಅದರ ಕ್ರಮ ತಿಳಿದಿರುವುದು ಒಳ್ಳೆಯದು.

1. ಹೊರಡುವ ಮುನ್ನ: ಕನ್ನಡಕ, ಕಿವಿಯ ಮಷೀನು, ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ಜ್ವರ ಬಂದಾಗ, ನಿದ್ದೆಗೆಟ್ಟಾಗ ಪರೀಕ್ಷೆ ಬೇಡ. ಮನೆಯಲ್ಲಿ ಅಭ್ಯಾಸ ಮಾಡಿಸಲೂಬೇಡಿ. ಬಾಯಿಪಾಠವಾದರೆ ಅಂಕಕ್ಕೆ ಅರ್ಥವಿರುವುದಿಲ್ಲ.

2. ಮೂರು ಪದ: ಬಾಳೆಹಣ್ಣು, ಸೂರ್ಯೋದಯ, ಕುರ್ಚಿ – ಹೀಗೆ ಒಂದಕ್ಕೊಂದು ನಂಟಿಲ್ಲದ ಮೂರು ಪದ ಹೇಳಿ, ಆಗಲೇ ತಿರುಗಿ ಹೇಳಿಸುತ್ತಾರೆ. ಆಗದಿದ್ದರೆ ಮೂರು ಸಲದವರೆಗೆ ಅವಕಾಶವುಂಟು. ಇದಕ್ಕೆ ಅಂಕವಿಲ್ಲ.

3. ಗಡಿಯಾರ: ವೃತ್ತದೊಳಗೆ ಅಂಕಿಗಳನ್ನು ಬರೆದು, 11 ಗಂಟೆ 10 ನಿಮಿಷಕ್ಕೆ ಮುಳ್ಳು ಹಾಕಬೇಕು. ಈ ಸಮಯವನ್ನು ಬೇಕೆಂದೇ ಆರಿಸಿದ್ದಾರೆ. ‘ಹತ್ತು’ ಎಂದು ಕೇಳಿದೊಡನೆ ಕೈ 10ರತ್ತಲೇ ಓಡುತ್ತದೆ; ಅದನ್ನು ತಡೆದು ಮುಳ್ಳನ್ನು 2ಕ್ಕೆ ತಿರುಗಿಸಲು ಯೋಚನೆ, ಯೋಜನೆ ಎರಡೂ ಬೇಕು. ಕೆಲವರು ಅಂಕಿಗಳನ್ನೆಲ್ಲ ಒಂದೇ ಮಗ್ಗುಲಿಗೆ ತುರುಕಿಬಿಡುತ್ತಾರೆ. ಗೆರೆ ಸೊಟ್ಟಗಿದ್ದರೆ, ಮುಳ್ಳುಗಳ ಉದ್ದ ಹೆಚ್ಚುಕಡಿಮೆಯಾದರೆ ಅಂಕ ಹೋಗದು. ಮೂರು ನಿಮಿಷದಲ್ಲಿ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ.

4. ಮತ್ತೆ ಆ ಪದಗಳು: ಈಗ ಮೂರನ್ನೂ ನೆನಪಿಸಿಕೊಂಡು ಹೇಳಬೇಕು. ‘ಅದೇ ಅಪ್ಪಾ, ತಿನ್ನೋದು...’ ಎಂದು ಪಕ್ಕದಿಂದ ಸುಳಿವು ಕೊಡಬೇಡಿ. ನಿಮ್ಮ ಸಹಾಯ ರೋಗವನ್ನು ಮರೆಮಾಚೀತು.

5. ಅಂಕ: ನೆನಪಾದ ಪದಕ್ಕೆ ಒಂದೊಂದು, ಸರಿಯಾದ ಗಡಿಯಾರಕ್ಕೆ 2, ತಪ್ಪಿದರೆ ಸೊನ್ನೆ, ಒಟ್ಟು 5. ಸಾಮಾನ್ಯವಾಗಿ 3ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು. ಅಷ್ಟಕ್ಕೇ ಡಿಮೆನ್ಷಿಯಾ ಎಂದು ತೀರ್ಮಾನಿಸುವಂತಿಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳೂ ಮರೆವು ತರುತ್ತವೆ, ಇವುಗಳಿಗೆ ಚಿಕಿತ್ಸೆಯುಂಟು. ಹಾಗಾಗಿ ರಕ್ತಪರೀಕ್ಷೆ, ‘ಮೋಕಾ’ದಂಥ 30 ಅಂಕಗಳ ದೊಡ್ಡ ಪರೀಕ್ಷೆ, ಅಗತ್ಯವಿದ್ದರೆ ಸ್ಕ್ಯಾನಿಂಗ್ ಮಾಡಿಸುತ್ತಾರೆ.

6. ಮೊದಲೇ ತಿಳಿಸಿ: ‘ಅಮ್ಮ ಶಾಲೆಗೆ ಹೋದವರಲ್ಲ’, ‘ಕೈ ನಡುಗುತ್ತದೆ’ ಎಂಬುದನ್ನು ಪರೀಕ್ಷೆಗೆ ಮುಂಚೆಯೇ ಹೇಳಿ. ಪೆನ್ನು ಹಿಡಿದು ರೂಢಿಯಿಲ್ಲದವರ ಗಡಿಯಾರ ತಪ್ಪಿದರೆ ಅದಕ್ಕೆ ಮರೆವೇ ಕಾರಣವಿರಬೇಕಿಲ್ಲ. ಅಂಥವರಿಗೆ ಬೇರೆ ಬಗೆಯ ಪರೀಕ್ಷೆಗಳಿವೆ.

ಅಂಕ ಚೆನ್ನಾಗಿ ಬಂದರೂ ಮನೆಯಲ್ಲಿ ತೊಂದರೆ ಕಾಣುತ್ತಿದ್ದರೆ ಸುಮ್ಮನಾಗಬೇಡಿ. ಏನು ಮರೆತರು, ಯಾವಾಗಿನಿಂದ ಹೀಗಾಗುತ್ತಿದೆ ಎಂಬುದನ್ನು ತಾರೀಖಿನೊಂದಿಗೆ ಬರೆದಿಟ್ಟು ವೈದ್ಯರಿಗೆ ತೋರಿಸಿ.