ಟ್ರ್ಯಾಕ್ಟರಿನ ಮುಂದಿನ ಎಕ್ಸಲ್ ಬಾಗಿದರೆ: ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಟ್ರ್ಯಾಕ್ಟರಿಗೆ ಹಗಲು ರಾತ್ರಿ ಇರೋದಿಲ್ಲ. ಎಂಜಿನ್ ಆಯಿಲ್ ನೋಡ್ತೀವಿ, ಹಿಂದಿನ ಟಯರ್ ನೋಡ್ತೀವಿ. ಮುಂದಿನ ಎಕ್ಸಲ್ ಮಾತ್ರ ಯಾರ ಲಕ್ಷ್ಯಕ್ಕೂ ಬರೋದಿಲ್ಲ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ರಸ್ತೆ ಮೇಲೆ ಹೋಗುವಾಗ ಗಾಡಿಯ ದಿಕ್ಕು ಕಾಯುವುದು ಅದೇ ಭಾಗ. ಅದು ಬಾಗಿದೆಯೋ ಇಲ್ಲವೋ ಮನೆಯಲ್ಲೇ ಅಳೆಯುವುದು ಹೇಗೆ, ಯಾವ ಕೆಲಸ ನಾವೇ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಈ ವಾರ ನೋಡೋಣ.

ಮೊದಲು ಭಾಗಗಳ ಪರಿಚಯ

ಟೂ ವ್ಹೀಲ್ ಡ್ರೈವ್ ಟ್ರ್ಯಾಕ್ಟರಿನ ಮುಂದಿನ ಎಕ್ಸಲ್ ಒಂದೇ ತುಂಡಲ್ಲ. ನಡುವೆ ಚೌಕಾಕಾರದ ಪೊಳ್ಳು ಪೈಪು ಇರುತ್ತದೆ. ಅದು ಎಂಜಿನ್ನಿನ ಮುಂದಿನ ಬ್ರಾಕೆಟ್‌ನಲ್ಲಿ ಒಂದು ಪಿನ್ ಮೇಲೆ ತೊಟ್ಟಿಲಿನಂತೆ ತೂಗುತ್ತದೆ. ಅದರ ಎರಡೂ ತುದಿಗೆ ತೂತುಗಳಿರುವ ತೋಳುಗಳನ್ನು ಸೇರಿಸಿ ಬೋಲ್ಟ್ ಬಿಗಿದಿರುತ್ತಾರೆ. ಸಾಲಿನ ಅಂತರಕ್ಕೆ ತಕ್ಕಂತೆ ಗಾಲಿ ಅಗಲ ಮಾಡಲು ಈ ತೂತುಗಳು. ತೋಳಿನ ತುದಿಯಲ್ಲಿ ಸ್ಪಿಂಡಲ್ ತಿರುಗುತ್ತದೆ, ಅದರ ಮೇಲೆ ಹಬ್ ಮತ್ತು ಬೇರಿಂಗ್. ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವುದು ಟೈ ರಾಡ್. ಗುಂಡಿಗೆ ಗಾಲಿ ಬಿದ್ದಾಗ ಸಾಮಾನ್ಯವಾಗಿ ಬಾಗುವುದು ತೋಳು, ಸ್ಪಿಂಡಲ್ ಅಥವಾ ಟೈ ರಾಡ್.

ಲಕ್ಷಣಗಳು

ಸ್ಟೇರಿಂಗ್ ಬಿಟ್ಟರೆ ಗಾಡಿ ಒಂದೇ ಕಡೆ ಎಳೆಯುವುದು, ಮುಂದಿನ ಒಂದು ಟಯರ್ ಒಂದೇ ಅಂಚಿನಲ್ಲಿ ಸವೆಯುವುದು, ಎಡಕ್ಕೆ ತಿರುಗಿದಷ್ಟು ಬಲಕ್ಕೆ ತಿರುಗದಿರುವುದು, ಎದುರಿಗೆ ನಿಂತು ನೋಡಿದರೆ ಒಂದು ಗಾಲಿ ವಾಲಿದಂತೆ ಕಾಣುವುದು. ಆದರೆ ಟಯರಿನ ಗಾಳಿ ಕಡಿಮೆ ಇದ್ದರೂ ಬೇರಿಂಗ್ ಸಡಿಲಿದ್ದರೂ ಹೀಗೇ ಆಗುತ್ತದೆ. ಅದಕ್ಕೇ ಮೊದಲು ಎರಡೂ ಟಯರಿಗೆ ಸಮ ಗಾಳಿ ಹಾಕಿ, ಗಾಲಿ ಹಿಡಿದು ಅಲ್ಲಾಡಿಸಿ ನೋಡಿ, ಆಮೇಲೆ ಅಳತೆಗೆ ಹೋಗ್ರಿ.

ಟೇಪು, ಸುತಳಿ, ಓಳಂಬಿ: ಮೂರು ಅಳತೆ

ಟ್ರೇಲರ್ ಬಿಚ್ಚಿ ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಗಾಲಿ ನೇರ ಮಾಡಿ ನಿಲ್ಲಿಸಿ.

1. ತೋಳಿನ ಉದ್ದ: ನಡುವಿನ ಪಿನ್‌ನಿಂದ ಎರಡೂ ಕಡೆಯ ಸ್ಪಿಂಡಲ್ ಶಾಫ್ಟಿನ ನಡುಮಧ್ಯಕ್ಕೆ ಅಳೆಯಿರಿ. ಎರಡೂ ಕಡೆ ಒಂದೇ ನಂಬರಿನ ತೂತಿಗೆ ಬೋಲ್ಟ್ ಇದ್ದರೆ ಅಳತೆ ಸಮ ಇರಬೇಕು. ಹಿಂದಿನ ಎಕ್ಸಲ್ ಮಧ್ಯದಿಂದ ಮುಂದಿನ ಹಬ್ ಮಧ್ಯಕ್ಕೂ ಎಡ ಬಲ ಅಳೆಯಿರಿ. ಒಂದು ಕಡೆ ಕಡಿಮೆ ಬಂದರೆ ತೋಳು ಹಿಂದಕ್ಕೆ ಬಾಗಿದೆ.

2. ಗಾಲಿಯ ವಾಲು: ಗೌಂಡಿಯ ಓಳಂಬಿಯನ್ನು ಗಾಲಿಯ ಹೊರಗೆ ಇಳಿಬಿಡಿ. ರಿಮ್ ಮೇಲೆ 40 ಸೆಂ.ಮೀ. ಅಂತರದಲ್ಲಿ ಮೇಲೊಂದು ಕೆಳಗೊಂದು ಗುರುತು ಮಾಡಿ, ದಾರದಿಂದ ಎರಡಕ್ಕೂ ಇರುವ ದೂರ ಅಳೆಯಿರಿ. ಪ್ರತಿ 7 ಮಿ.ಮೀ. ವ್ಯತ್ಯಾಸಕ್ಕೆ ಗಾಲಿ ಒಂದು ಡಿಗ್ರಿ ವಾಲಿದೆ ಎಂದರ್ಥ. ಸಾಮಾನ್ಯವಾಗಿ ಗಾಲಿಯ ತಲೆ ಸ್ವಲ್ಪ ಹೊರಗೆ ವಾಲಿರಬೇಕು, ಎರಡೂ ಕಡೆ ಹೆಚ್ಚುಕಡಿಮೆ ಸಮ ಇರಬೇಕು. ನೆಲದ ಬಗ್ಗೆ ಅನುಮಾನ ಇದ್ದರೆ ಗಾಡಿ ತಿರುಗಿಸಿ ಅದೇ ಜಾಗದಲ್ಲಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ.

3. ಮುಂದು ಹಿಂದಿನ ಅಂತರ: ಎರಡೂ ಟಯರಿನ ಮುಂಭಾಗದಲ್ಲಿ ಹಬ್ ಎತ್ತರಕ್ಕೆ ಖಡುವಿನಿಂದ ಗುರುತು ಮಾಡಿ ನಡುವಿನ ಅಂತರ ಅಳೆಯಿರಿ. ಗುರುತು ಹಿಂದೆ ಬರುವವರೆಗೆ ಗಾಡಿಯನ್ನು ಮುಂದೆ ದೂಡಿ ಮತ್ತೆ ಅಳೆಯಿರಿ. ಹಿಂದಿನ ಅಳತೆಗಿಂತ ಮುಂದಿನದು ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ಇದಕ್ಕೆ ಟೋ-ಇನ್ ಅಂತಾರೆ. ನಿಮ್ಮ ಮಾಡೆಲ್ಲಿಗೆ ಎಷ್ಟು ಎಂಬುದು ಕೈಪುಸ್ತಕದಲ್ಲಿದೆ. ಇದರಲ್ಲಿ 10 ಮಿ.ಮೀ. ತಪ್ಪಿದರೆ 6.00-16 ಅಳತೆಯ ಎರಡು ಟಯರ್ ಸೇರಿ ಪ್ರತಿ ಕಿಲೋಮೀಟರಿಗೆ ಸುಮಾರು 14 ಮೀಟರ್ ಅಡ್ಡಡ್ಡ ತಿಕ್ಕುತ್ತವೆ. ಹೊಸ ಟಯರ್ ಒಂದೇ ಹಂಗಾಮಿನಲ್ಲಿ ಬೋಳಾಗುವುದಕ್ಕೆ ಇದೂ ಒಂದು ಕಾರಣ.

ಕಾಯಿಸಿ ಬಡಿಯುವುದು ಬೇಡ

ಹೋದ ಹಂಗಾಮಿನಲ್ಲಿ ಅಲಖನೂರಿನ ನಮ್ಮ ಹೊಲದಲ್ಲಿ ರವದಿ ಕೆಳಗೆ ಮುಚ್ಚಿಹೋಗಿದ್ದ ಹಳೇ ಪೈಪ್‌ಲೈನ್ ಗುಂಡಿಗೆ ಎಡಗಾಲಿ ಬಿತ್ತು. ಅಳೆದಾಗ ಬಲಗಾಲಿಯ ತಲೆ 12 ಮಿ.ಮೀ. ಹೊರಗಿತ್ತು, ಎಡಗಾಲಿಯದು 9 ಮಿ.ಮೀ. ಒಳಗಿತ್ತು. ಒಟ್ಟು 21 ಮಿ.ಮೀ., ಅಂದರೆ ಮೂರು ಡಿಗ್ರಿ ವ್ಯತ್ಯಾಸ. ಕಡಿದ ಕಬ್ಬು ಹೊಲದಾಗ ಬಿದ್ದಿತ್ತು, ಒಣಗಿದಷ್ಟು ತೂಕ ಹೋಗ್ತದ. ಗ್ಯಾಂಗಿನವರು ಕಾಯ್ತಾ ಕುಂತಿದ್ದರು. ಒಬ್ಬ ಮಿಸ್ತ್ರಿ ಬಂದು ನೋಡಿ, "ತಮ್ಮಾ, ಗ್ಯಾಸ್ ಹಚ್ಚಿ ಕೆಂಪ ಮಾಡಿ ಹೊಡದ್ರ ಅರ್ಧಾ ತಾಸಿನ್ಯಾಗ ನೆಟ್ಟಗ ಆಕ್ಕೈತಿ" ಅಂದರು. "ಕಾಕಾ, ಮೊದಲ ಬಿಚ್ಚಿ ಸೀಳು ಐತೇನ ನೋಡೂಣ್ರಿ" ಅಂದೆ.

ಸೀಳು ನೋಡುವ ವಿಧಾನ ಸುಲಭ. ಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಡೀಸೆಲ್ ಅಥವಾ ಸೀಮೆಎಣ್ಣೆ ಹಚ್ಚಿ ಅರ್ಧ ತಾಸು ಬಿಡಿ. ಪೂರ್ತಿ ಒರೆಸಿ ಖಡುವಿನ ಪುಡಿ ಸವರಿ. ಸೀಳಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ನಮ್ಮ ಸ್ಪಿಂಡಲ್ಲಿನ ಬುಡದಲ್ಲಿ ಕೂದಲಿನಂಥ ಗೆರೆ ಮೂಡಿತು. ಮಿಸ್ತ್ರಿ ಕಾಕಾ ಅದನ್ನು ನೋಡಿ ಗ್ಯಾಸ್ ಮಾತು ಬಿಟ್ಟರು. ತೋಳನ್ನಷ್ಟೇ ನೆಟ್ಟಗೆ ಮಾಡಿ ಲೋಡ್ ಎಳೆದಿದ್ದರೆ ಬೈಕಿನವರು, ಶಾಲೆ ಮಕ್ಕಳು ಓಡಾಡುವ ರಸ್ತೆಯಲ್ಲಿ ಗಾಲಿಯೇ ಕಳಚುತ್ತಿತ್ತು.

ಕಾಯಿಸುವುದರಲ್ಲಿ ಅಪಾಯ ಏನು? ಸ್ಪಿಂಡಲ್ ಉಷ್ಣೋಪಚಾರದಿಂದ ಗಟ್ಟಿ ಮಾಡಿದ ಉಕ್ಕು. ಕೆಂಪಗೆ ಕಾಯಿಸಿದರೆ ಆ ಗಟ್ಟಿತನ ಹೋಗುತ್ತದೆ. ಬಿಸಿ ಇರುವಾಗಲೇ ನೀರು ಸುರಿದರೆ ಗಾಜಿನಂತೆ ಪೆಡಸಾಗುತ್ತದೆ. ಸಾದಾ ಉಕ್ಕಿನ ಸೇತುವೆ ತೊಲೆಗಳನ್ನು ಬೆಂಕಿಯಿಂದ ನೇರ ಮಾಡುವ ಎಂಜಿನಿಯರುಗಳೂ ಸುಮಾರು 650 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಉಷ್ಣತೆ ಅಳೆಯುತ್ತಲೇ ಕೆಲಸ ಮಾಡುತ್ತಾರೆ. ಆ ಉಷ್ಣತೆಯ ಮಂಕು ಕೆಂಪು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಬಾಗಿದ ಜಾಗಕ್ಕೆ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿದರೆ ಪಟ್ಟಿ ಮುಗಿಯುವ ಅಂಚಿನಲ್ಲೇ ಹೊಸ ಸೀಳು ಶುರುವಾಗಬಹುದು.

ಹೀಗೆ ನಿರ್ಧರಿಸಿ:
- ಸ್ಪಿಂಡಲ್, ಟೈ ರಾಡ್ ಬಾಗಿದ್ದರೆ ಹೊಸದು ಹಾಕಿ. ಬೇರೆ ಮಾತೇ ಬೇಡ.
- ತೋಳು ಬಾಗಿದ್ದರೂ ಬದಲಿಸುವುದೇ ಒಳ್ಳೆಯದು.
- ನಡುವಿನ ಪೈಪು ಸ್ವಲ್ಪವೇ ಬಾಗಿದ್ದು, ಎಲ್ಲೂ ಸೀಳು, ಸುಕ್ಕು ಇಲ್ಲದಿದ್ದರೆ ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿನಲ್ಲಿ ಕಾಯಿಸದೆ ನೇರ ಮಾಡಿಸಬಹುದು.
- ಫೋರ್ ವ್ಹೀಲ್ ಡ್ರೈವ್ ಆದರೆ ಎಕ್ಸಲ್ ಪೈಪಿನ ಒಳಗೆ ಶಾಫ್ಟು, ಗೇರು, ಆಯಿಲ್ ಸೀಲ್ ಇರುತ್ತವೆ. ಅಳತೆ ಮಾತ್ರ ಮನೆಯಲ್ಲಿ, ಬಿಚ್ಚುವ ಕೆಲಸ ವರ್ಕ್‌ಶಾಪಿನಲ್ಲಿ.

ತೋಳು ಬದಲಿಸುವ ಕ್ರಮ

ಎಂಜಿನ್ ಬಂದ್ ಮಾಡಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಗಾಲಿಯ ನಟ್ ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಎಕ್ಸಲ್ ತುದಿಗೆ ಜಾಕ್ ಕೊಡಬೇಡಿ, ಅದು ಪಿನ್ ಮೇಲೆ ತೂಗುವುದರಿಂದ ಗಾಡಿ ಮಗ್ಗುಲಾಗಬಹುದು. ಎಂಜಿನ್ ಮುಂದಿನ ಬ್ರಾಕೆಟ್ ಕೆಳಗೆ ಜಾಕ್ ಕೊಟ್ಟು ಎತ್ತಿ, ಎರಡೂ ಬದಿ ದಪ್ಪ ಕಟ್ಟಿಗೆಯ ದಿಮ್ಮಿ ಇಡಿ. ಬರೀ ಜಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ಹೋಗಬೇಡಿ.

ಗಾಲಿ ತೆಗೆದು, ಟೈ ರಾಡಿನ ಸ್ಪ್ಲಿಟ್ ಪಿನ್, ನಟ್ ಬಿಚ್ಚಿ, ತೋಳಿನ ಬೋಲ್ಟ್ ತೆಗೆದು ಹೊರಗೆಳೆಯಿರಿ. ಹೊಸ ತೋಳನ್ನು ಹಳೆಯದರ ಪಕ್ಕ ಇಟ್ಟು ತೂತುಗಳನ್ನು ಹೋಲಿಸಿ. ಇನ್ನೊಂದು ಕಡೆ ಯಾವ ತೂತಿನಲ್ಲಿದೆಯೋ ಅದೇ ತೂತಿಗೆ ಹಾಕಿ. ಹಳೇ ಬೋಲ್ಟಿನ ತಲೆ ಮೇಲೆ 8.8 ಅಂತಿದ್ದರೆ ಹೊಸದೂ ಅದಕ್ಕಿಂತ ಕಡಿಮೆ ಇರಬಾರದು. ಸ್ಪ್ಲಿಟ್ ಪಿನ್ ಹೊಸದೇ ಹಾಕಿ, ಗ್ರೀಸ್ ಹೊಡೆಯಿರಿ. ಗಾಡಿ ನೆಲಕ್ಕಿಳಿಸಿ ಮೂರೂ ಅಳತೆ ಮತ್ತೆ ತೆಗೆದು, ಟೈ ರಾಡ್ ತಿರುಗಿಸಿ ಟೋ-ಇನ್ ಸರಿ ಮಾಡಿ, ಲಾಕ್ ನಟ್ ಬಿಗಿಯಿರಿ. ಖಾಲಿ ಗಾಡಿ ಓಡಿಸಿ ನೋಡಿದ ಮೇಲೇ ಲೋಡ್. ಮೊದಲ ದಿನದ ಕೆಲಸ ಮುಗಿದ ಮೇಲೆ ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಪಾನಾ ಹಾಕಿ.

ಮುಂದೆ ಹೀಗಾಗದಂತೆ

ರವದಿ ಸುಡದೆ ಹೊಲದಲ್ಲೇ ಹೊದಿಸುವುದು ಮಣ್ಣಿಗೆ ಬಹಳ ಒಳ್ಳೆಯದು, ಅದನ್ನು ಬಿಡಬೇಡಿ. ಆದರೆ ರವದಿ ಕೆಳಗೆ ಗುಂಡಿ, ವಾಲ್ವ್ ಚೇಂಬರ್, ಕಲ್ಲು ಕಾಣೋದಿಲ್ಲ. ಕಟಾವಿಗೆ ಮುಂಚೆ ಅಂಥ ಜಾಗಕ್ಕೆಲ್ಲ ಆಳೆತ್ತರದ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿ, ಡ್ರೈವರನ್ನು ಕರೆದುಕೊಂಡು ಹೋಗಿ ತೋರಿಸಿ. ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಈ ಮೂರು ಅಳತೆ ತೆಗೆದು ಡೈರಿಯಲ್ಲಿ ಬರೆದಿಡಿ. ಎಕ್ಸಲ್ ಸರಿ ಇದ್ದಾಗಿನ ಅಂಕಿ ಕೈಯಲ್ಲಿದ್ದರೆ, ಪೆಟ್ಟು ಬಿದ್ದ ದಿನ ಏನು ಬಾಗಿದೆ ಅಂತ ಊಹಿಸೋ ಪ್ರಸಂಗ ಬರೋದಿಲ್ಲ.