ಹೂತ ಗಾಡಿ ಎತ್ತೋಕೆ ಮೊದಲು ಸಲಿಕೆ, ಆಮೇಲೆ ಹಗ್ಗ: ಯಾವ ಸಾಮಾನು ಇಟ್ಕೊಳ್ಳಬೇಕು?

ಮಳೆ ಹಿಡಿದರೆ ಮಲೆನಾಡಿನ ತೋಟದ ದಾರಿಯಾಗಲಿ, ಬಯಲುಸೀಮೆಯ ಎರೆ ಹೊಲವಾಗಲಿ, ಪಿಕಪ್ಪು, ಜೀಪು, ಟ್ರ್ಯಾಕ್ಟರ್ ಹೂತುಹೋಗೋದು ಹೊಸ ವಿಷಯ ಅಲ್ಲ. ಊರಲ್ಲಿ ಇದಕ್ಕೆ ಇರೋ ಮದ್ದು ಒಂದೇ: ಪಕ್ಕದವರ ಟ್ರ್ಯಾಕ್ಟರ್ ಕರೆಸು, ಸಿಕ್ಕಿದ ಹಗ್ಗ ಕಟ್ಟು, ಜೋರಾಗಿ ಎಳಿ. ಹೆಚ್ಚಿನ ಸಲ ಗಾಡಿ ಬರುತ್ತೆ. ಬರದೇ ಇದ್ದಾಗ ಬಂಪರ್ ಕಿತ್ತು ಬರುತ್ತೆ, ಇಲ್ಲವೇ ಹಗ್ಗ ತುಂಡಾಗಿ ತುದಿಯ ಕೊಕ್ಕೆ ಹಾರುತ್ತೆ. ಆ ಕೊಕ್ಕೆ ಯಾರಿಗಾದರೂ ಬಡಿದರೆ ಜೀವಕ್ಕೇ ಸಂಚಕಾರ.

ಸಾಮಾನು ಕೊಳ್ಳೋ ವಿಷಯದಲ್ಲಿ ನಾನು ಎಲ್ಲರಿಗೂ ಹೇಳೋದು ಒಂದೇ ಮಾತು: ಎಳೆಯೋ ಬಲ ಕಡಿಮೆ ಮಾಡೋ ಸಾಮಾನು ಮೊದಲು, ಎಳೆಯೋ ಸಾಮಾನು ಆಮೇಲೆ. ವಿಂಚ್ ಎಲ್ಲಕ್ಕಿಂತ ಕೊನೆಗೆ.

ಮೊದಲು ತೂಕದ ಲೆಕ್ಕ

ನಿಮ್ಮ ಗಾಡಿಯ ಆರ್‌ಸಿ ತೆಗೆದು ನೋಡಿ. ಡಿಜಿಲಾಕರ್‌ನಲ್ಲಿದ್ದರೆ ಮೊಬೈಲಲ್ಲೇ ಸಿಗುತ್ತೆ. ಅದರಲ್ಲಿ ಖಾಲಿ ಗಾಡಿಯ ತೂಕ, ಲೋಡ್ ಸೇರಿದ ಒಟ್ಟು ತೂಕ ಎರಡೂ ಇರುತ್ತೆ. ನಮಗೆ ಬೇಕಾದ್ದು ಒಟ್ಟು ತೂಕ. ಲೋಡ್ ಹೊತ್ತ ಪಿಕಪ್ಪು ಸುಮಾರು 3 ಟನ್ ಅಂತ ಇಟ್ಕೊಳ್ಳಿ.

ಹೂತ ವಾಹನ ಎಳೆಯೋಕೆ ಎಷ್ಟು ಬಲ ಬೇಕು ಅನ್ನೋದಕ್ಕೆ ಅಮೆರಿಕದ ಸೇನೆ ಬಳಸೋ ಒಂದು ಸುಲಭ ಅಂದಾಜಿದೆ:

- ಚಕ್ರದ ಮಟ್ಟಕ್ಕೆ ಹೂತಿದ್ದರೆ: ಗಾಡಿಯ ತೂಕದಷ್ಟು
- ಮಡ್‌ಗಾರ್ಡ್ ಮಟ್ಟಕ್ಕೆ ಹೂತಿದ್ದರೆ: ತೂಕದ 2 ಪಟ್ಟು
- ಕ್ಯಾಬಿನ್ ಮಟ್ಟಕ್ಕೆ ಹೂತಿದ್ದರೆ: 3 ಪಟ್ಟು

ಅಂದರೆ 3 ಟನ್ ಪಿಕಪ್ಪು ಮಡ್‌ಗಾರ್ಡ್ ತನಕ ಇಳಿದರೆ 6 ಟನ್ ಬಲ ಬೇಕು. ಒಂದೂವರೆ ಟನ್ ಲೋಡ್ ಇಳಿಸಿ, ಚಕ್ರದ ಸುತ್ತ ಮಣ್ಣು ಬಿಡಿಸಿದರೆ ಅದೇ ಕೆಲಸ ಒಂದೂವರೆ, ಎರಡು ಟನ್ನಿಗೆ ಇಳಿಯುತ್ತೆ. ಅರ್ಧ ಗಂಟೆ ಅಗೆಯೋದು ಸುಮ್ಮನೆ ಅಲ್ಲ. ಆಕ್ಸಿಲರೇಟರ್ ಒತ್ತಿ ಚಕ್ರ ಸುತ್ತಿಸಿದಷ್ಟೂ ಈ ಲೆಕ್ಕ ಉಲ್ಟಾ ಏರ್ತಾ ಹೋಗುತ್ತೆ.

ಕೊಳ್ಳಬೇಕಾದ ಸಾಮಾನು, ಇದೇ ಕ್ರಮದಲ್ಲಿ

1. ಸಲಿಕೆ. ಗಿಡ್ಡ ಹಿಡಿಯದ್ದಾದರೆ ಗಾಡಿ ಅಡಿಗೆ ಕೈ ಹಾಕಿ ಮಣ್ಣು ತೆಗೆಯೋಕೆ ಅನುಕೂಲ. ಚಕ್ರದ ಮುಂದೆ ಇಳಿಜಾರಾಗಿ ತೆಗೀರಿ. ಆಕ್ಸಲ್ ಅಥವಾ ಚಾಸಿ ಮಣ್ಣಿನ ಮೇಲೆ ಕೂತಿದ್ದರೆ ಮೊದಲು ಅದನ್ನ ಬಿಡಿಸಿ.

2. ಚಕ್ರದ ಅಡಿಗೆ ಹಾಕೋ ಹಲಗೆ. ಅಂಗಡಿಯಲ್ಲಿ ಹಲ್ಲುಗಳಿರೋ ಪ್ಲಾಸ್ಟಿಕ್ ಹಲಗೆ ಸಿಗುತ್ತೆ. ತೋಟ ಇರೋರಿಗೆ ಅಡಿಕೆ ದಬ್ಬೆ, ಗೋಣಿಚೀಲವೂ ಆಗುತ್ತೆ. ಹಲಗೆ ಹಾಕಿದ ಮೇಲೆ ನಿಧಾನ ಹೊರಡಿಸಿ. ಚಕ್ರ ಗಿರ್ ಅಂತ ಸುತ್ತಿದರೆ ಹಲಗೆಯೇ ಹಿಂದಕ್ಕೆ ಹಾರುತ್ತೆ, ಅಲ್ಲಿ ಯಾರೂ ನಿಲ್ಲಬಾರದು.

3. ಗಾಳಿ ಅಳೆಯೋ ಗೇಜು, 12 ವೋಲ್ಟ್ ಪಂಪು. ಟೈರಿನ ಗಾಳಿ ಕಡಿಮೆ ಮಾಡಿದರೆ ಟೈರು ನೆಲವನ್ನ ಹೆಚ್ಚು ಅಗಲಕ್ಕೆ ಹಿಡಿಯುತ್ತೆ. ಖಾಲಿ ಜೀಪು, ಪಿಕಪ್ಪಿಗೆ ಸುಮಾರು 20 ಪಿಎಸ್‌ಐ ತನಕ ಇಳಿಸಬಹುದು. 15ಕ್ಕಿಂತ ಕೆಳಗೆ ಹೋದರೆ ಟೈರು ರಿಮ್ ಬಿಡೋ ಭಯ ಇದೆ. ಲೋಡ್ ಇದ್ದರೆ ಇಳಿಸಬೇಡಿ. ಡಾಂಬರು ರಸ್ತೆಗೆ ಬರೋ ಮೊದಲು ಮತ್ತೆ ತುಂಬಲೇಬೇಕು, ಅದಕ್ಕೇ ಪಂಪು. ಬ್ಯಾಟರಿಗೆ ನೇರ ಕ್ಲಿಪ್ ಹಾಕೋ ಪಂಪು ಬೇಗ ತುಂಬುತ್ತೆ.

4. ಎಳೆಯೋ ಪಟ್ಟಿ. ಎರಡೂ ತುದಿಯಲ್ಲಿ ಹೊಲಿದ ಕುಣಿಕೆ ಇರಲಿ, ಕಬ್ಬಿಣದ ಕೊಕ್ಕೆ ಬೇಡ. ಉದ್ದ 6ರಿಂದ 9 ಮೀಟರ್. ಲೇಬಲ್ ಮೇಲೆ ಎರಡು ಅಂಕಿ ಇರಬಹುದು: ಒಂದು ಕೆಲಸದ ಮಿತಿ, ಇನ್ನೊಂದು ಹರಿಯೋ ಮಿತಿ. ಅಂಗಡಿಯವರು ದೊಡ್ಡ ಅಂಕಿಯನ್ನೇ ಹೇಳ್ತಾರೆ, ಯಾವುದು ಅಂತ ನೀವೇ ಓದಿ. ಹರಿಯೋ ಮಿತಿ ಗಾಡಿಯ ಒಟ್ಟು ತೂಕದ ಎರಡೂವರೆಯಿಂದ ಮೂರು ಪಟ್ಟು ಇರಬೇಕು. 3 ಟನ್ ಗಾಡಿಗೆ 8–9 ಟನ್. ಲೇಬಲ್ ಇಲ್ಲದ ಪಟ್ಟಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ.

ಇದರಲ್ಲಿ ಎರಡು ಜಾತಿ ಇದೆ. ಪಾಲಿಯೆಸ್ಟರ್ ಪಟ್ಟಿ ಹೆಚ್ಚು ಹಿಗ್ಗಲ್ಲ, ನಿಧಾನ ಎಳೆತಕ್ಕೆ ಮಾತ್ರ, ಜರ್ಕ್ ಕೊಡಬಾರದು. ನೈಲಾನಿನ ಕೈನೆಟಿಕ್ ಹಗ್ಗ ಸುಮಾರು 30% ತನಕ ಹಿಗ್ಗಿ ರಬ್ಬರಿನ ಹಾಗೆ ಸೆಳೆಯುತ್ತೆ. ಅದು ಜೀಪಿನಿಂದ ಜೀಪಿಗೆ ಸರಿ. ಟ್ರ್ಯಾಕ್ಟರಿನಿಂದ ಎಳೆಯೋ ನಮ್ಮಂಥವರಿಗೆ ಪಾಲಿಯೆಸ್ಟರೇ ಸಾಕು.

5. ಶ್ಯಾಕಲ್ ಎರಡು. ಮುಕ್ಕಾಲು ಇಂಚಿನ ಬೋ ಶ್ಯಾಕಲ್, ಮೈಮೇಲೆ 4.75 ಟನ್ ಅಂತ ಅಚ್ಚೊತ್ತಿರಬೇಕು. ಅಚ್ಚಿಲ್ಲದ್ದು ಬೇಡ. ಪಿನ್ ಕೈಯಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಇಲ್ಲದಿದ್ದರೆ ಎಳೆದ ಮೇಲೆ ಕಚ್ಚಿಕೊಂಡು ಬಿಚ್ಚೋಕೆ ಬರಲ್ಲ.

6. ದಪ್ಪ ಚರ್ಮದ ಗ್ಲೌಸು, ಎರಡು ಗೋಣಿಚೀಲ.

ನನ್ನ ಪಿಕಪ್ಪಿನಲ್ಲಿ ಇರೋದು ಇಷ್ಟೇ. ಹಲಗೆ, ಸಲಿಕೆ ಬಿಟ್ಟು ಉಳಿದದ್ದೆಲ್ಲ ಒಂದು ರಸಗೊಬ್ಬರದ ಚೀಲದಲ್ಲಿ ಹಿಡಿಯುತ್ತೆ.

ಎಲ್ಲಿಗೆ ಕಟ್ಟಬೇಕು

ಚಾಸಿಗೆ ಬೋಲ್ಟ್ ಹಾಕಿರೋ ಟೋ ಹುಕ್ಕಿಗೆ ಮಾತ್ರ. ಬಂಪರ್, ಸ್ಟೇರಿಂಗ್ ರಾಡು, ಲೀಫ್ ಸ್ಪ್ರಿಂಗು ಯಾವುದಕ್ಕೂ ಬೇಡ. ಟ್ರೈಲರ್ ಎಳೆಯೋ ಗುಂಡು ಅಂತೂ ಮುಟ್ಟಲೇಬಾರದು. ಅದು ಮುರಿದು ಗುಂಡಿನ ಹಾಗೇ ಹಾರಿ, ಹೊರದೇಶಗಳಲ್ಲಿ ಜನ ಸತ್ತಿದ್ದಾರೆ.

ಹಗ್ಗಕ್ಕೆ ಗಂಟು ಹಾಕಿದರೆ ಅದರ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಉದ್ದ ಸಾಲದಿದ್ದರೆ ಎರಡು ಪಟ್ಟಿಯ ನಡುವೆ ಶ್ಯಾಕಲ್ ಹಾಕಿ ಜೋಡಿಸಬೇಡಿ, ಒಂದು ಪಟ್ಟಿ ಹರಿದರೆ ಆ ಕಬ್ಬಿಣವೇ ಹಾರುತ್ತೆ. ಉದ್ದದ ಪಟ್ಟಿಯನ್ನೇ ಕೊಳ್ಳಿ.

ಟ್ರ್ಯಾಕ್ಟರ್ ಇರೋರು ಇದನ್ನ ಎರಡು ಸಲ ಓದಿ

ಟ್ರ್ಯಾಕ್ಟರಿನಿಂದ ಎಳೆಯುವಾಗ ಹಗ್ಗ ಕಟ್ಟೋದು ಡ್ರಾಬಾರಿಗೆ ಮಾತ್ರ. ಟಾಪ್ ಲಿಂಕಿಗೋ, ಹಿಂದಿನ ಆಕ್ಸಲ್ಲಿಗೋ ಕಟ್ಟಿದರೆ ಎಳೆತ ಮೇಲಿನಿಂದ ಬಿದ್ದು ಮುಂದಿನ ಚಕ್ರ ಏಳುತ್ತೆ. ಎದ್ದ ಟ್ರ್ಯಾಕ್ಟರು ಇನ್ನು ಇಳಿಸೋಕೇ ಆಗದ ಹಂತ ದಾಟೋಕೆ ಒಂದು ಸೆಕೆಂಡೂ ಬೇಡ. ಕ್ಲಚ್ ಒತ್ತೋಣ ಅಂತ ಮನಸ್ಸಿಗೆ ಬರೋ ಹೊತ್ತಿಗೆ ಟ್ರ್ಯಾಕ್ಟರು ಚಾಲಕನ ಮೇಲಿರುತ್ತೆ.

ಗದ್ದೆಯಲ್ಲಿ ಟ್ರ್ಯಾಕ್ಟರೇ ಹೂತರೆ ಹಿಂದಿನ ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಬಿಡೋ ಪದ್ಧತಿ ಇದೆ. ದಯವಿಟ್ಟು ಬೇಡ. ಚಕ್ರ ಸುತ್ತೋಕೆ ಆಗದಿದ್ದರೆ ಎಂಜಿನ್ನು ಚಕ್ರದ ಬದಲು ಟ್ರ್ಯಾಕ್ಟರನ್ನೇ ಎತ್ತಿ ಮಗುಚುತ್ತೆ. ಬದಲಿಗೆ ಹಿಂದಿನ ಉಪಕರಣ ಕಳಚಿ, ಚಕ್ರದ ಹಿಂದಿನ ಮಣ್ಣು ತೆಗೆದು, ರಿವರ್ಸ್ ಗೇರಿನಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಒಂದೇ ಚಕ್ರ ಸುತ್ತುತ್ತಿದ್ದರೆ ಡಿಫರೆನ್ಷಿಯಲ್ ಲಾಕ್ ಒತ್ತಿ. ಚಕ್ರ ನಿಂತಾಗ ಒತ್ತಬೇಕು, ಒತ್ತಿದ ಮೇಲೆ ಸ್ಟೇರಿಂಗ್ ತಿರುಗಿಸಬಾರದು. ಬರದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ.

ಎಳೆಯೋ ಹೊತ್ತಲ್ಲಿ

- ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ಬೇಡ. 8 ಮೀಟರ್ ಹಗ್ಗಕ್ಕೆ 12 ಮೀಟರ್. ವಿಡಿಯೋ ಮಾಡೋ ಹುಡುಗರಿಗೂ ಇದೇ ಲೆಕ್ಕ.
- ಎಳೆತ ಇರೋ ಹಗ್ಗ ದಾಟಬೇಡಿ.
- ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ. ಹರಿದರೆ ಅದು ಹಗ್ಗವನ್ನ ನೆಲಕ್ಕೆ ಎಳೆಯುತ್ತೆ.
- ಸಿಗ್ನಲ್ ಕೊಡೋರು ಒಬ್ಬರೇ. ಹತ್ತು ಜನ ಕೂಗಿದರೆ ಡ್ರೈವರಿಗೆ ಯಾರ ಮಾತೂ ಕೇಳಲ್ಲ.
- ಹಗ್ಗ ಮೊದಲು ಬಿಗಿಯಾಗಲಿ, ಆಮೇಲೆ ಲೋ ಗೇರಿನಲ್ಲಿ ನಿಧಾನ ಎಳೀರಿ. ಎರಡು ಸಲಕ್ಕೆ ಬರದಿದ್ದರೆ ನಿಲ್ಲಿಸಿ, ಮತ್ತೆ ಅಗೀರಿ.

ಕೆಲಸ ಮುಗಿದ ಮೇಲೆ ಪಟ್ಟಿಯನ್ನ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಎಳೆಯ ಒಳಗೆ ಉಳಿದ ಮರಳು ಅದನ್ನ ಒಳಗಿಂದಲೇ ಕೊಯ್ಯುತ್ತೆ, ಬಿಸಿಲು ಹೊರಗಿಂದ ತಿನ್ನುತ್ತೆ. ಅಂಚು ಕತ್ತರಿಸಿದ್ದರೆ, ಹೊಲಿಗೆ ಬಿಟ್ಟಿದ್ದರೆ ಆ ಪಟ್ಟಿ ಮತ್ತೆ ಎಳೆಯೋಕೆ ಬೇಡ.

ಈ ವಾರ ಇಷ್ಟು ಮಾಡಿ: ಗಾಡಿ ಅಡಿಗೆ ಬಗ್ಗಿ ಟೋ ಹುಕ್ ಎಲ್ಲಿದೆ, ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ, ಒಂದು ಫೋಟೋ ತೆಗೆದಿಟ್ಕೊಳ್ಳಿ. ರಾತ್ರಿ ಮಳೆಯಲ್ಲಿ, ಮೊಣಕಾಲು ಕೆಸರಲ್ಲಿ ನಿಂತು ಹುಡುಕೋ ಕೆಲಸ ಅಲ್ಲ ಅದು.